ಜಾಲಿ ಮರದ ರೇಷ್ಮೆ ಗೂಡು: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ತಿಂಗಳು ಇದೇ ಅಂಕಣದಲ್ಲಿ ಆಫ್ರಿಕಾದ ಬೋಟ್ಸ್ವಾನಾ ದೇಶದ ಒಂದು ಕಾಲ್ಗೆಜ್ಜೆಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದು ಹಿತ್ತಾಳೆಯ ಗೆಜ್ಜೆ ಅಲ್ಲ, ಕಾಡಿನ ರೇಷ್ಮೆ ಗೂಡುಗಳನ್ನು ದಾರಕ್ಕೆ ಪೋಣಿಸಿ ಮಾಡಿದ್ದು ಅಂತ. ಅದಕ್ಕೆ ಬಂದ ಪತ್ರಗಳೇ ಈ ಸಲದ ಜಾಗವನ್ನೆಲ್ಲ ತುಂಬಿವೆ. ಹೊಸ ಓದುಗರಿಗೆ ಒಂದು ಮಾತು: ನಾನು ಶಿಡ್ಲಘಟ್ಟದ ಹತ್ತಿರದ ಹಳ್ಳಿಯವಳು, ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಲೇ ದೊಡ್ಡವಳಾದೆ. ಮದುವೆಯಾದ ಮೇಲೆ ಬೋಟ್ಸ್ವಾನಾದ ಪಶ್ಚಿಮ ಭಾಗದ ಘಾನ್ಜಿ ಎಂಬ ಊರಿನ ಶಾಲೆಯಲ್ಲಿ ಒಂಬತ್ತು ವರ್ಷ ಜೀವಶಾಸ್ತ್ರ ಪಾಠ ಮಾಡಿದೆ.

ಪ್ರಶ್ನೆ: ನನ್ನ ಮಗ ಬೋಟ್ಸ್ವಾನಾದ ರಾಜಧಾನಿ ಗ್ಯಾಬರೋನ್‌ನಲ್ಲಿ ಕೆಲಸದಲ್ಲಿದ್ದಾನೆ. ಹೋದ ಸಲ ಬಂದಾಗ ನೀವು ಬರೆದಂಥದೇ ಒಂದು ಸರ ತಂದ. ಅಲ್ಲಾಡಿಸಿದರೆ ಗಲಗಲ ಅನ್ನುತ್ತದೆ. ನಮ್ಮತ್ತೆ ಮುಟ್ಟಿ ನೋಡಿ "ಇದು ಗೂಡೇ ಕಣಮ್ಮ, ಆದರೆ ಇಷ್ಟು ಗಟ್ಟಿ ಯಾಕೆ?" ಅಂದರು. ಇದು ಯಾವ ಹುಳ? ಎಲ್ಲಿ ಬೆಳೆಯುತ್ತದೆ?
— ಓದುಗರೊಬ್ಬರು, ಚಿಂತಾಮಣಿ

ನಿಮ್ಮ ಅತ್ತೆಯವರ ಕೈಗೆ ಸರಿಯಾಗಿಯೇ ಗೊತ್ತಾಗಿದೆ. ಅದು ಗೂಡೇ. ಹುಳದ ಹೆಸರು ಗೊನೊಮೆಟಾ ಪೋಸ್ಟಿಕಾ. 1855ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ವಾಕರ್ ಇಟ್ಟ ಹೆಸರು. ಇದು ನಮ್ಮ ಹಿಪ್ಪುನೇರಳೆ ಹುಳದ ಕುಟುಂಬದ್ದಲ್ಲ, ಟಸರ್ ಹುಳದ ಕುಟುಂಬದ್ದೂ ಅಲ್ಲ. ಲ್ಯಾಸಿಯೊಕ್ಯಾಂಪಿಡೆ ಅನ್ನುವ ಬೇರೆಯೇ ಮನೆತನ. ಬೋಟ್ಸ್ವಾನಾ, ನಮೀಬಿಯಾ, ದಕ್ಷಿಣ ಆಫ್ರಿಕಾದ ಒಣ ಸೀಮೆಗಳಲ್ಲಿದೆ, ಮೇಲೆ ಕೆನ್ಯಾದಲ್ಲೂ ಇದೆ.

ನಾನು ಇದನ್ನು ಮೊದಲು ನೋಡಿದ್ದು ಘಾನ್ಜಿಗೆ ಹೋದ ವರ್ಷದ ಆಗಸ್ಟ್ ತಿಂಗಳಲ್ಲಿ. ಅಲ್ಲಿ ಅದು ಚಳಿಗಾಲದ ಕೊನೆ. ತಿಂಗಳುಗಟ್ಟಲೆ ಒಂದು ಹನಿ ಮಳೆ ಇಲ್ಲ. ಶಾಲೆಯ ಬೇಲಿ ಪಕ್ಕ ಒಂದು ದೊಡ್ಡ ಜಾಲಿ ಮರ ಇತ್ತು, ಸೆಟ್ಸ್ವಾನಾ ಭಾಷೆಯಲ್ಲಿ ಅದಕ್ಕೆ ಮೊಗೊಟ್ಲೊ ಅನ್ನುತ್ತಾರೆ. ಕಾಯಿ ಬೂದು ಬಣ್ಣ, ದಪ್ಪ, ಕಿವಿಯ ಹಾಗೆ ಬಾಗಿರುತ್ತದೆ. ಆ ಕಾಯಿಗಳ ನಡುವೆ ಇನ್ನೇನೋ ಬೂದು ಬೂದಾಗಿ ಕೊಂಬೆಗೆ ಅಂಟಿಕೊಂಡಿತ್ತು. ನನಗೆ ನೋಡಿದ ಕೂಡಲೇ ಗೂಡು ಅನ್ನಿಸಿತು. ಊರು ಬಿಟ್ಟು ಎಂಟು ತಿಂಗಳಾಗಿತ್ತು. ಅಷ್ಟು ದೂರದಲ್ಲಿ ಗೂಡು ಕಂಡ ಖುಷಿಗೆ ಬರಿಗೈಯಲ್ಲಿ ಕಿತ್ತುಬಿಟ್ಟೆ. ಕಿತ್ತ ಕ್ಷಣದಲ್ಲೇ ಬೆರಳ ತುಂಬ ಕಣ್ಣಿಗೆ ಕಾಣದ ಮುಳ್ಳು. ಪಾಪಾಸುಕಳ್ಳಿ ಮುಟ್ಟಿದ ಹಾಗೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಓಡಿ ಬಂದು ಗಾಯದ ಪಟ್ಟಿ ಅಂಟಿಸಿ, ಎಳೆದು, ಮತ್ತೆ ಅಂಟಿಸಿ, ಎಳೆದು, ಒಂದೊಂದೇ ರೋಮ ತೆಗೆದಳು. ಮೂರು ದಿನ ಸೀಮೆಸುಣ್ಣ ಹಿಡಿಯುವುದಕ್ಕೆ ಆಗಲಿಲ್ಲ.

ಕಾರಣ ಇಷ್ಟೇ. ನಮ್ಮ ರೇಷ್ಮೆ ಹುಳ ನುಣುಪು. ಇದು ಕಂಬಳಿಹುಳ. ಮೈಮೇಲೆ ಚುಚ್ಚುವ ರೋಮ ಇರುತ್ತವೆ. ಗೂಡು ಕಟ್ಟುವಾಗ ಆ ರೋಮಗಳನ್ನೂ ಗೂಡಿನ ಗೋಡೆಗೆ ಸೇರಿಸಿಬಿಡುತ್ತದೆ. ಮರದ ಮೇಲೆ ತಿಂಗಳುಗಟ್ಟಲೆ ಬಯಲಲ್ಲಿ ನೇತಾಡಬೇಕಾದ ಗೂಡು ಅಲ್ವಾ, ತನ್ನ ಬೇಲಿ ತಾನೇ ಹಾಕಿಕೊಳ್ಳುತ್ತದೆ. ಗಟ್ಟಿತನಕ್ಕೆ ಕಾರಣ ಬೇರೆ, ಅದನ್ನು ಮುಂದಿನ ಪ್ರಶ್ನೆಯಲ್ಲಿ ಹೇಳುತ್ತೇನೆ.

ಇದರ ವರ್ಷ ಹೀಗೆ ನಡೆಯುತ್ತದೆ. ಚಳಿ ಕಳೆದು ಬಿಸಿಲು ಏರುವಾಗ ಗೂಡಿನ ಒಂದು ತುದಿ ಒದ್ದೆಯಾಗಿ ಮೆತ್ತಗಾಗುತ್ತದೆ, ಅಲ್ಲಿಂದ ಚಿಟ್ಟೆ ಹೊರಗೆ ಬರುತ್ತದೆ. ಹೆಣ್ಣು ದಪ್ಪ, ದೊಡ್ಡದು. ಗಂಡು ಅದಕ್ಕಿಂತ ತುಂಬ ಚಿಕ್ಕದು, ಅದರ ಹಿಂದಿನ ರೆಕ್ಕೆಯ ಸ್ವಲ್ಪ ಭಾಗ ಗಾಜಿನ ಹಾಗೆ ಆಚೆ ಬದಿ ಕಾಣುವಷ್ಟು ತೆಳು. ಗೂಡು ನೋಡಿದರೂ ಗೊತ್ತಾಗುತ್ತದೆ, ಹೆಣ್ಣಿನ ಗೂಡು ದೊಡ್ಡದು. ನಿಮ್ಮ ಸರದಲ್ಲಿ ಎರಡು ಅಳತೆಯ ಗೂಡುಗಳಿದ್ದರೆ ಕಾರಣ ಅದೇ ಇರಬಹುದು. ಚಿಟ್ಟೆಗೆ ತಿನ್ನುವ ಬಾಯಿಲ್ಲ. ಹುಳವಾಗಿದ್ದಾಗ ತಿಂದಿದ್ದರ ಮೇಲೆಯೇ ಕೆಲವು ದಿನ ಬದುಕಿ, ಕೂಡಿ, ಮೊಟ್ಟೆಯಿಟ್ಟು ಮುಗಿಸುತ್ತದೆ. ಮರಿಗಳು ಜಾಲಿಯ ಸೊಪ್ಪು ತಿಂದು, ನಮ್ಮ ಹುಳದ ಹಾಗೇ ಜ್ವರ ಎದ್ದು, ಅಂದರೆ ಪೊರೆ ಕಳಚಿ, ಹಣ್ಣಾಗಿ ಗೂಡು ಕಟ್ಟುತ್ತವೆ. ಬೇಸಿಗೆ ನಡುವೆ ಇನ್ನೊಂದು ಸರದಿ ಚಿಟ್ಟೆ ಬರುತ್ತದೆ. ಅವುಗಳ ಮಕ್ಕಳು ಗೂಡಿನೊಳಗೆ ಇಡೀ ಚಳಿಗಾಲ ಕಳೆಯುತ್ತವೆ.

ಇದರಲ್ಲಿ ನನ್ನನ್ನು ಇವತ್ತಿಗೂ ಬೆರಗುಗೊಳಿಸುವ ವಿಷಯ ಒಂದಿದೆ. ಮೊದಲ ಸರದಿಯ ಗೂಡುಗಳೆಲ್ಲ ಬೇಸಿಗೆಯಲ್ಲೇ ಒಡೆಯುವುದಿಲ್ಲ. ಕೆಲವು ಹಾಗೇ ಸುಮ್ನೆ ಮಲಗಿರುತ್ತವೆ, ಮುಂದಿನ ವರ್ಷಕ್ಕೆ ಏಳುತ್ತವೆ. ಕಲಹಾರಿ ಎಂಬ ಆ ಮರಳು ಸೀಮೆಯಲ್ಲಿ ಮಳೆಯನ್ನು ನಂಬುವ ಹಾಗಿಲ್ಲ. ಎಲ್ಲ ಒಂದೇ ಸಲ ಎದ್ದು, ಆ ಸಲ ಮಳೆ ಕೈಕೊಟ್ಟು ಚಿಗುರು ಬಾರದೆ ಹೋದರೆ? ನಮ್ಮಜ್ಜಿ ಎಷ್ಟೇ ಕಷ್ಟ ಇದ್ದರೂ ಬಿತ್ತನೆ ರಾಗಿ ಮಡಕೆಯನ್ನು ಮುಟ್ಟಲು ಬಿಡುತ್ತಿರಲಿಲ್ಲ. ಆ ಮಲಗಿದ ಗೂಡುಗಳನ್ನು ನೋಡಿದಾಗಲೆಲ್ಲ ನನಗೆ ಆ ಮಡಕೆ ನೆನಪಾಗುತ್ತಿತ್ತು. ಮಳೆಗೆ ಆ ನಾಡಿನಲ್ಲಿ ಪೂಲಾ ಅನ್ನುತ್ತಾರೆ, ಅವರ ದುಡ್ಡಿನ ಹೆಸರೂ ಪೂಲಾನೇ. ಅಷ್ಟು ಅಪರೂಪ ಅದು.

ಇನ್ನು ಆ ಗಲಗಲ ಸದ್ದು. ಕಲಹಾರಿಯ ಮೂಲನಿವಾಸಿಗಳಾದ ಸಾನ್ ಜನ ಖಾಲಿ ಗೂಡಿನೊಳಗೆ ಸಣ್ಣ ಕಲ್ಲನ್ನೋ ಉಷ್ಟ್ರಪಕ್ಷಿಯ ಮೊಟ್ಟೆಯ ಚಿಪ್ಪಿನ ಚೂರನ್ನೋ ಹಾಕಿ ಸಾಲಾಗಿ ಪೋಣಿಸುತ್ತಾರೆ. ರಾತ್ರಿ ಬೆಂಕಿಯ ಸುತ್ತ ಹೆಂಗಸರು ಕೂತು ಚಪ್ಪಾಳೆ ತಟ್ಟಿ ಹಾಡುತ್ತಾರೆ. ಗಂಡಸರು ಇದನ್ನು ಕಾಲಿಗೆ ಸುತ್ತಿಕೊಂಡು ಮರಳಿನಲ್ಲಿ ಹೆಜ್ಜೆ ಹಾಕುತ್ತಾರೆ. ಕಾಯಿಲೆ ಕಳೆಯಲಿ ಅಂತ ಮಾಡುವ ಕುಣಿತ ಅದು. ಒಂದೇ ಒಂದು ಸಲ ದೂರದಿಂದ ಕೇಳಿದ್ದೇನೆ. ಒಣಗಿದ ಹೊಂಗೆಕಾಯಿ ಚೀಲವನ್ನು ಯಾರೋ ತಾಳ ಹಿಡಿದು ಅಲ್ಲಾಡಿಸಿದ ಹಾಗಿತ್ತು.

ಪ್ರಶ್ನೆ: ನಾವು ಮೂರು ತಲೆಮಾರಿನಿಂದ ನೂಲು ಬಿಚ್ಚುವವರು. ಈ ಗೂಡನ್ನು ಬಿಸಿನೀರಿಗೆ ಹಾಕಿದರೆ ಎಳೆ ಬರುತ್ತದಾ?
— ಓದುಗರೊಬ್ಬರು, ರಾಮನಗರ

ಇಲ್ಲ ಅಣ್ಣ, ಬರುವುದಿಲ್ಲ. ನಾನೇ ಅಡುಗೆಮನೆಯಲ್ಲಿ ಮಾಡಿ ನೋಡಿದ್ದೇನೆ. ಅರ್ಧ ಗಂಟೆ ಕುದಿಸಿದರೂ ಗೂಡು ಚರ್ಮದ ಹಾಗೆ ಹಾಗೇ ಇತ್ತು. ನಮ್ಮ ಗೂಡಿನಲ್ಲಿ ಎಳೆಗಳನ್ನು ಹಿಡಿದಿರುವುದು ಗೋಂದು ಮಾತ್ರ, ಬಿಸಿನೀರಿಗೆ ಅದು ಸಡಿಲವಾಗುತ್ತದೆ. ಇದರಲ್ಲಿ ಗೋಂದಿನ ಜೊತೆ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುತ್ತವೆ. ಮೈಮೇಲೆಲ್ಲ ಗಾರೆ ಮೆತ್ತಿದ ಹಾಗೆ. ಅದಕ್ಕೇ ಆ ಗಟ್ಟಿತನ. ನೀರು, ಸೋಪು ಯಾವುದೂ ಆ ಗಾರೆಯನ್ನು ಕರಗಿಸುವುದಿಲ್ಲ.

ಮೊದಲಿನಿಂದ ನಡೆದುಬಂದ ದಾರಿ ಎಂದರೆ ಗೂಡನ್ನು ಸೋಡಾ ಪುಡಿ ಹಾಕಿದ ನೀರಿನಲ್ಲಿ ಚೆನ್ನಾಗಿ ಬೇಯಿಸಿ, ರೋಮ ಕಸ ತೆಗೆದು, ಹತ್ತಿಯ ಹಾಗೆ ಹಿಂಜಿ ನೂಲುವುದು. ನಮೀಬಿಯಾದ ಲಿಯೊನಾರ್ಡ್‌ವಿಲ್ ಎಂಬ ಸಣ್ಣ ಊರಿನಲ್ಲಿ ಹೆಂಗಸರು ಹೀಗೆ ನೂತು ಶಾಲು ಮಾಡುತ್ತಿದ್ದರು. ಬಣ್ಣ ಹಾಕಬೇಕಾಗಿಯೇ ಇಲ್ಲ, ತೆಳು ಕಂದು ಬಣ್ಣ ತಾನಾಗೇ ಇರುತ್ತದೆ. ನಮ್ಮ ಕಡೆ ಮೊಟ್ಟೆಗೆಂದು ಚಿಟ್ಟೆ ಬಿಡಿಸಿ ತೂತು ಬಿದ್ದ ಬಿತ್ತನೆ ಗೂಡನ್ನು ನೂಲುವ ಮಿಲ್ಲಿಗೆ ಕಳಿಸುತ್ತಾರಲ್ಲ, ಅದೇ ದಾರಿ.

ಆದರೆ ನಿಮಗೆ ಇಷ್ಟವಾಗುವ ಸುದ್ದಿ ಒಂದಿದೆ. 2011ರಲ್ಲಿ ಆಕ್ಸ್‌ಫರ್ಡ್‌ನವರೂ ನೈರೋಬಿಯ ಇಸಿಪೆ ಎಂಬ ಕೀಟ ಸಂಶೋಧನಾ ಸಂಸ್ಥೆಯವರೂ ಸೇರಿ ಹೊಸ ವಿಧಾನ ಪ್ರಕಟಿಸಿದರು. ಗೂಡನ್ನು ಮೊದಲು ಇಡಿಟಿಎ ಎಂಬ ರಾಸಾಯನಿಕದ ನೀರಿನಲ್ಲಿ ನೆನೆಸುತ್ತಾರೆ. ಅದು ಕ್ಯಾಲ್ಸಿಯಂ ಅನ್ನು ಎಳೆದುಕೊಳ್ಳುತ್ತದೆ. ಗಾರೆ ಕರಗಿದ ಮೇಲೆ ಎಳೆಯನ್ನು ಬಿಚ್ಚಬಹುದು, ನಮ್ಮ ಗೂಡಿನ ಹಾಗೇ. ಇದೇ ಗೊನೊಮೆಟಾ ಗೂಡಿನ ಮೇಲೆ ಮಾಡಿ ತೋರಿಸಿದರು. ಇದನ್ನು ಓದಿದ ದಿನ ನಮ್ಮಪ್ಪನ ಹತ್ತಿರ ಹೇಳಬೇಕು ಅನ್ನಿಸಿತ್ತು. ಅವರು ಇರಲಿಲ್ಲ.

ಒಂದು ತೊಡಕು ಉಳಿಯುತ್ತದೆ. ಚಿಟ್ಟೆ ಹೊರಟ ಗೂಡಿನ ತುದಿಯಲ್ಲಿ ದಾರಿ ಆಗಿರುತ್ತದೆ. ಒಂದೇ ಉದ್ದದ ಎಳೆ ಬೇಕು ಎಂದರೆ ಆಸೆ ಹೋಗುವುದು ಇಡೀ ಗೂಡಿನ ಕಡೆ, ಅಂದರೆ ಒಳಗೆ ಜೀವ ಇರುವ ಗೂಡಿನ ಕಡೆ. ಹಾಗಾಗಿ ಕಾಡಿನ ಗೂಡಿಗೆ ಕೈನೂಲೇ ಸರಿ ಅಂತ ನನ್ನ ಅಭಿಪ್ರಾಯ.

ಪ್ರಶ್ನೆ: ಹುಳ ಸಾಯಿಸುತ್ತಾರೆ ಅಂತ ನಾನು ರೇಷ್ಮೆ ಸೀರೆ ಉಡುವುದು ಬಿಟ್ಟು ಹತ್ತು ವರ್ಷ ಆಯಿತು. ಆಫ್ರಿಕಾದ ಕಾಡು ರೇಷ್ಮೆ ಪೂರ್ತಿ ಅಹಿಂಸೆಯದು ಅಂತ ಅಂಗಡಿಯವರು ಹೇಳುತ್ತಾರೆ. ನಿಜವೇ?
— ಓದುಗರೊಬ್ಬರು, ಮೈಸೂರು

ಖಾಲಿ ಗೂಡನ್ನು ಮಾತ್ರ ಆರಿಸಿದರೆ ನಿಜ. ಆ "ಮಾತ್ರ" ಎಂಬುದರ ಮೇಲೆ ಎಲ್ಲ ನಿಂತಿದೆ, ತಾಯಿ.

ನಮ್ಮ ಮನೆಯಲ್ಲಿ ತೂತು ಗೂಡು ಕಂಡರೆ ಅಪ್ಪನ ಮುಖ ಬಾಡುತ್ತಿತ್ತು. ತೂತು ಎಂದರೆ ನಷ್ಟ. ಅಲ್ಲಿ ಅದಕ್ಕೆ ಉಲ್ಟಾ. ತೂತು ಇರುವುದನ್ನೇ ಕೀಳಬೇಕು, ಇಲ್ಲದಿರುವುದನ್ನು ಬಿಡಬೇಕು. ನಮ್ಮ ಶಾಲೆಯ ಮಕ್ಕಳು ಗೂಡನ್ನು ಕೊಂಬೆಯಲ್ಲಿದ್ದ ಹಾಗೇ ಕಡ್ಡಿಯಿಂದ ಮೆಲ್ಲಗೆ ಅಲ್ಲಾಡಿಸಿ ನೋಡುತ್ತಿದ್ದರು. ಭಾರವಾಗಿ ತೂಗಿದರೆ ಒಳಗೆ ಇದೆ. ಹಗುರ ಇದ್ದು ತುದಿ ತೆರೆದಿದ್ದರೆ ಹೋಗಿದೆ.

ಇನ್ನೊಂದು ತೂತೂ ಇದೆ. ಸಣ್ಣದು, ಪಕ್ಕದಲ್ಲಿ. ಅದು ಚಿಟ್ಟೆ ಹೋದ ದಾರಿ ಅಲ್ಲ. ಹುಳದೊಳಗೆ ಬೆಳೆದ ನೊಣವೋ ಕಣಜವೋ ಹೊರಗೆ ಬಂದ ದಾರಿ. ಆ ನೊಣ ನಮ್ಮ ರೇಷ್ಮೆ ಹುಳವನ್ನು ಕೊಲ್ಲುವ ಊಜಿ ನೊಣದ ಕುಟುಂಬದ್ದೇ. ಮೊದಲ ಸಲ ಒಂದು ಗೂಡು ಕತ್ತರಿಸಿ ಒಳಗೆ ಆ ನೊಣದ ಕೋಶ ನೋಡಿದಾಗ ಮೈ ಜುಂ ಅಂದಿತು. ನಮ್ಮಮ್ಮ ಸಾಕಣೆ ಮನೆಯ ಕಿಟಕಿಗೆಲ್ಲ ನೈಲಾನ್ ಪರದೆ ಕಟ್ಟಿ ಕಾಯುತ್ತಿದ್ದದ್ದು ಇದರ ನೆಂಟನ ಭಯಕ್ಕೇ. ಕಾಡಿನ ಹುಳಕ್ಕೆ ಪರದೆ ಕಟ್ಟುವವರು ಯಾರು?

ಈ ಹುಳದ ಸಂಖ್ಯೆ ಒಂದೇ ಸಮ ಇರುವುದೂ ಇಲ್ಲ. ಒಂದು ವರ್ಷ ಮರದ ಸೊಪ್ಪೆಲ್ಲ ಖಾಲಿಯಾಗುವಷ್ಟು ಹುಳ. ಇನ್ನೊಂದು ವರ್ಷ ಹುಡುಕಿದರೂ ಹತ್ತು ಗೂಡು ಇಲ್ಲ. ನಾನಿದ್ದ ಒಂಬತ್ತು ವರ್ಷದಲ್ಲಿ ಸಮೃದ್ಧಿ ನೋಡಿದ್ದು ಎರಡೇ ಸಲ. ವ್ಯಾಪಾರ ಮಾಡುವವರಿಗೆ ಇದು ದೊಡ್ಡ ಕಷ್ಟ. ಗೂಡು ಕಡಿಮೆ ಇದ್ದ ವರ್ಷವೂ ಅಷ್ಟೇ ಕಿಲೋ ಬೇಕು ಅಂತ ಕೂತರೆ ಆರಿಸುವವರು ಜೀವ ಇರುವ ಗೂಡಿಗೆ ಕೈ ಹಾಕುತ್ತಾರೆ. ಅವರನ್ನು ದೂರಲಾರೆ, ಕಿಲೋ ಲೆಕ್ಕದಲ್ಲಿ ಅವರ ಮನೆ ನಡೆಯಬೇಕು. ಖಾಲಿ ಗೂಡು ತೂಗುವುದೂ ಕಡಿಮೆ. ಆದ್ದರಿಂದ ನೀವು ಕೊಳ್ಳುವಾಗ ಅಂಗಡಿಯವರನ್ನು "ಅಹಿಂಸೆಯದಾ?" ಅಂತ ಕೇಳಬೇಡಿ. "ಗೂಡು ಕಡಿಮೆಯಾದ ವರ್ಷ ಏನು ಮಾಡುತ್ತೀರಿ?" ಅಂತ ಕೇಳಿ. ಆ ವರ್ಷ ಮಾರುವುದಿಲ್ಲ ಎಂದವರ ಹತ್ತಿರ ಕೊಳ್ಳಿ.

ಪ್ರಶ್ನೆ: ಈ ಗೂಡು ತಿಂದು ದನ ಸಾಯುತ್ತವೆ ಅಂತ ಕೇಳಿದೆ. ವಿಷ ಇದೆಯಾ?
— ಓದುಗರೊಬ್ಬರು, ಚಳ್ಳಕೆರೆ

ವಿಷದಿಂದ ಅಲ್ಲ. ಸಿಕ್ಕಿಕೊಂಡು ಸಾಯುತ್ತವೆ. ಬರ ಬಂದಾಗ ಅಲ್ಲಿಯೂ ದನಕ್ಕೆ ಜಾಲಿ ಕಾಯಿಯೇ ಮೇವು. ಗೂಡು ನೋಡುವುದಕ್ಕೆ ಕಾಯಿಯ ಹಾಗೇ ಇರುತ್ತದೆ. ಕಾಯಿ ಜೊತೆ ಗೂಡೂ ಹೊಟ್ಟೆಗೆ ಹೋಗುತ್ತದೆ. ರೇಷ್ಮೆ ಅರಗುವುದಿಲ್ಲ. ಮೆಲುಕು ಹಾಕುವ ಹೊಟ್ಟೆಯಲ್ಲಿ ಎಳೆ ಬಿಚ್ಚಿ, ಸುತ್ತಿಕೊಂಡು, ಉಂಡೆಯಾಗುತ್ತದೆ. ದಾರಿ ಕಟ್ಟಿಕೊಂಡು ದನ ಉಪವಾಸ ಬಿದ್ದು ಸಾಯುತ್ತದೆ. ನಮ್ಮ ಪೇಟೆಗಳಲ್ಲಿ ಪ್ಲಾಸ್ಟಿಕ್ ತಿಂದ ಹಸುವಿಗೆ ಆಗುವುದೂ ಇದೇ. ಜಿಂಕೆಯಂಥ ಕಾಡು ಪ್ರಾಣಿಗಳಿಗೂ ಹೀಗಾಗುತ್ತದೆ. ಖಾಲಿ ಗೂಡು ಆರಿಸುವುದರಿಂದ ದನ ಸಾಕುವವರಿಗೂ ಲಾಭ.

ನಿಮ್ಮ ಕಡೆಯ ಬಳ್ಳಾರಿ ಜಾಲಿಯ ಹತ್ತಿರದ ನೆಂಟ ಅಲ್ಲಿಗೂ ಅಮೆರಿಕಾದಿಂದ ಹೋಗಿದೆ, ಅಲ್ಲಿಯೂ ನಿಮ್ಮಲ್ಲಿಯ ಹಾಗೇ ಹಬ್ಬಿಕೊಂಡು ರೈತರನ್ನು ಕಾಡುತ್ತಿದೆ. ಈ ಹುಳ ಆ ಹೊಸ ಮರವನ್ನೂ ತಿನ್ನಲು ಕಲಿತಿದೆ. ಚಳ್ಳಕೆರೆಯಲ್ಲಿ ಈ ಹುಳ ಇಲ್ಲ, ನೀವು ಹೆದರಬೇಕಾಗಿಲ್ಲ.

ಪ್ರಶ್ನೆ: ಮೇಡಂ, ನಾನು ಬಿಎಸ್ಸಿ ಎರಡನೇ ವರ್ಷ. ಆಫ್ರಿಕಾದಲ್ಲಿ ಮೊಪಾನೆ ಹುಳ ತಿನ್ನುತ್ತಾರಂತೆ. ಅದೂ ರೇಷ್ಮೆ ಹುಳವೇ? ಅಲ್ಲಿ ಬೇರೆ ರೇಷ್ಮೆ ಹುಳಗಳು ಇವೆಯಾ?
— ವಿದ್ಯಾರ್ಥಿನಿ, ಧಾರವಾಡ

ಒಳ್ಳೆ ಪ್ರಶ್ನೆ, ಮಗು. ಮೊಪಾನೆ ಎಂಬ ಮರದ ಸೊಪ್ಪು ತಿಂದು ಬೆಳೆಯುವ ಈ ಹುಳವನ್ನು ಬೋಟ್ಸ್ವಾನಾದಲ್ಲಿ ಫಾನೆ ಅನ್ನುತ್ತಾರೆ. ಒಣಗಿಸಿ ಮಾರುಕಟ್ಟೆಯಲ್ಲಿ ಸೇರಿನಲ್ಲಿ ಅಳೆದ ಹಾಗೆ ಅಳೆದು ಮಾರುತ್ತಾರೆ. ಅವರ 5 ಪೂಲಾ ನಾಣ್ಯದ ಮೇಲೆ ಇದೇ ಹುಳದ ಚಿತ್ರ ಇದೆ, ಅಷ್ಟು ಬೇಕಾದದ್ದು ಅವರಿಗೆ. ವಿಚಿತ್ರ ಅಂದರೆ ಇದು ಟಸರ್ ಹುಳದ ಕುಟುಂಬದ್ದು, ಆದರೂ ಗೂಡು ಕಟ್ಟುವುದಿಲ್ಲ. ಮಣ್ಣಿಗಿಳಿದು ಅಲ್ಲೇ ಕೋಶವಾಗುತ್ತದೆ. ಅದೇ ಮೊಪಾನೆ ಮರದಲ್ಲಿ ಗೊನೊಮೆಟಾದ ತಂಗಿ ಒಬ್ಬಳು ಇದ್ದಾಳೆ, ಗೊನೊಮೆಟಾ ರುಫೊಬ್ರನಿಯಾ ಅಂತ. ಅವಳು ಗೂಡು ಕಟ್ಟುತ್ತಾಳೆ.

ಪಶ್ಚಿಮ ಆಫ್ರಿಕಾಕ್ಕೆ ಹೋದರೆ ಕತೆ ಇನ್ನೂ ಚೆನ್ನಾಗಿದೆ. ಅಲ್ಲಿ ಅನಾಫೆ ಎಂಬ ಹುಳಗಳು. ಒಂದೇ ತಾಯಿಯ ಮರಿಗಳು ಕೊನೆಯವರೆಗೂ ಒಟ್ಟಿಗೇ ಇರುತ್ತವೆ. ಮರದ ಮೇಲೆ ಒಂದರ ಹಿಂದೆ ಒಂದು, ತಲೆಗೆ ಬಾಲ ತಾಗಿಸಿ ಮೆರವಣಿಗೆ ಹೋಗುತ್ತವೆ. ಹಣ್ಣಾದಾಗ ಎಲ್ಲ ಸೇರಿ ಮೊದಲು ಒಂದು ದೊಡ್ಡ ಚೀಲ ನೇಯುತ್ತವೆ, ಆಮೇಲೆ ಅದರೊಳಗೆ ಒಬ್ಬೊಬ್ಬರೂ ತಮ್ಮ ತಮ್ಮ ಗೂಡು ಕಟ್ಟಿಕೊಳ್ಳುತ್ತಾರೆ. ದೊಡ್ಡ ಚೀಲದಲ್ಲಿ ನೂರಾರು ಗೂಡು ಇರಬಹುದು. ನೈಜೀರಿಯಾದ ಯೊರುಬಾ ಜನ ಈ ರೇಷ್ಮೆ ನೂತು ಸನ್ಯಾನ್ ಎಂಬ ಬಟ್ಟೆ ನೇಯುತ್ತಾರೆ. ತಿಳಿ ಕಂದು ಬಣ್ಣ. ಮದುವೆ, ದೊಡ್ಡ ಸಮಾರಂಭಗಳಿಗೆ ಹಿರಿಯರು ಉಡುವ ಬಟ್ಟೆ. ಉತ್ತರದ ಹೌಸಾ ಭಾಷೆಯಲ್ಲಿ ಈ ರೇಷ್ಮೆಗೆ ತ್ಸಾಮಿಯಾ ಅನ್ನುತ್ತಾರೆ. ಅದು ಹುಣಸೆ ಮರದ ಹೆಸರೂ ಹೌದು! ಅಲ್ಲಿ ಹುಳ ಹುಣಸೆ ಸೊಪ್ಪು ತಿಂದು ಬೆಳೆಯುತ್ತದೆ. ಕೆನ್ಯಾದ ಕಾಕಮೆಗಾ ಕಾಡಿನ ಅಂಚಿನಲ್ಲಿ ಊರವರು ಎಳೆ ಹುಳ ಇರುವ ಕೊಂಬೆಗೆ ಬಲೆಯ ತೋಳು ಹಾಕಿ ಸಾಕಿದ್ದಾರೆ. ಪರದೆ ಕಟ್ಟುವವರು ಯಾರು ಅಂತ ಮೇಲೆ ಕೇಳಿದೆನಲ್ಲ, ಅವರು ಕಟ್ಟಿದರು.

ಅನಾಫೆಯನ್ನೂ ತಿನ್ನುತ್ತಾರೆ. ಇದರಲ್ಲಿ ನೀನು ಬರೆದಿಟ್ಟುಕೊಳ್ಳಬೇಕಾದ ವಿಷಯ ಇದೆ. ನೈಜೀರಿಯಾದ ಇಕಾರೆ ಎಂಬ ಊರಿನ ಸುತ್ತ ಮಳೆಗಾಲದಲ್ಲಿ ಕೆಲವರಿಗೆ ಇದ್ದಕ್ಕಿದ್ದ ಹಾಗೆ ನಡಿಗೆ ತಪ್ಪುತ್ತಿತ್ತು. ಕೈ ನಡುಗುವುದು, ತೂರಾಡುವುದು, ಮಾತು ತೊದಲುವುದು. ವರ್ಷ ವರ್ಷವೂ ಅದೇ ತಿಂಗಳುಗಳಲ್ಲಿ. 1990ರ ದಶಕದಲ್ಲಿ ಅಲ್ಲಿಯ ನರವೈದ್ಯ ಬೋಲಾ ಆಡಮೊಲೆಕುನ್ ರೋಗಿಗಳ ಊಟ ವಿಚಾರಿಸಿದರು. ಆ ದಿನಗಳಲ್ಲಿ ಅವರು ಅನಾಫೆ ಹುಳ ಹುರಿದು ತಿಂದಿದ್ದರು. ಹುಳದಲ್ಲಿ ಬಿ1 ಜೀವಸತ್ವವನ್ನು ಹಾಳುಮಾಡುವ ಥಯಾಮಿನೇಸ್ ಎಂಬ ಕಿಣ್ವ ಇತ್ತು, ಹುರಿದರೂ ಪೂರ್ತಿ ಸಾಯದಂಥದ್ದು. ಗೆಣಸು, ಗಂಜಿಯಂಥ ಊಟದಲ್ಲೇ ದಿನ ಕಳೆಯುವ ಬಡವರಿಗೆ ಇದ್ದ ಸ್ವಲ್ಪ ಬಿ1ಅನ್ನೂ ಅದು ಕಿತ್ತುಕೊಳ್ಳುತ್ತಿತ್ತು. ಬಿ1 ಕೊಟ್ಟರೆ ರೋಗಿಗಳು ಬೇಗ ಸುಧಾರಿಸುತ್ತಿದ್ದರು. ಒಬ್ಬ ವೈದ್ಯ "ಏನು ಊಟ ಮಾಡಿದಿರಿ?" ಅಂತ ತಾಳ್ಮೆಯಿಂದ ಕೇಳಿದ್ದಕ್ಕೆ ಸಿಕ್ಕ ಉತ್ತರ ಅದು.

ಪ್ರಶ್ನೆ: ನಮ್ಮಲ್ಲಿ ಜಾಲಿ ಬೇಕಾದಷ್ಟಿದೆ. ಗೊನೊಮೆಟಾ ಗೂಡು ತರಿಸಿ ಕರ್ನಾಟಕದಲ್ಲಿ ಸಾಕಬಹುದೇ?
— ಓದುಗರೊಬ್ಬರು, ಕೋಲಾರ

ಬೇಡ. ದಯವಿಟ್ಟು ಬೇಡ. ಜೀವ ಇರುವ ಗೂಡನ್ನು ಅನುಮತಿ ಇಲ್ಲದೆ ದೇಶದೊಳಗೆ ತರುವ ಹಾಗೂ ಇಲ್ಲ. 1980ರಲ್ಲಿ ಬಂಗಾಳದ ಕಡೆಯಿಂದ ಬಂದ ಗೂಡುಗಳ ಜೊತೆ ಊಜಿ ನೊಣ ನಮ್ಮ ರಾಜ್ಯಕ್ಕೆ ಬಂತು. ಆಗ ಕೋಲಾರದ ಕಡೆ ಎಷ್ಟು ಮನೆಗಳ ಬೆಳೆ ಹೋಯಿತು ಅಂತ ನಿಮ್ಮ ಊರಿನ ಹಿರಿಯರನ್ನು ಕೇಳಿ. ಗೂಡಿನೊಳಗೆ ಏನು ಕೂತಿದೆ ಅಂತ ಹೊರಗಿನಿಂದ ಕಾಣುವುದಿಲ್ಲ.

ಚಿಂತಾಮಣಿಯ ತಾಯಿಗೆ ಒಂದು ಮಾತು ಬಿಟ್ಟುಹೋಯಿತು. ನಿಮ್ಮ ಸರದ ಗೂಡುಗಳಲ್ಲಿ ಜೀವ ಇಲ್ಲ, ಆ ಭಯ ಬೇಡ. ಆದರೆ ಹಳೇ ಗೂಡಿನಲ್ಲೂ ಒಂದೆರಡು ರೋಮ ಉಳಿದಿರುತ್ತವೆ. ಮಕ್ಕಳ ಕೆನ್ನೆಗೆ, ಕಣ್ಣಿಗೆ ತಾಗದ ಹಾಗೆ ಗೋಡೆಯ ಮೇಲೆ ಎತ್ತರದಲ್ಲಿ ತೂಗುಹಾಕಿ. ಅತ್ತೆಯವರಿಗೆ ತೋರಿಸುವಾಗ ತುದಿಯ ತೂತು ಎಲ್ಲಿದೆ ಅಂತ ಹುಡುಕಲು ಹೇಳಿ. ದೊಡ್ಡದಾ, ಚಿಕ್ಕದಾ, ಪಕ್ಕದಲ್ಲಾ ಅಂತ ನೋಡಿ ನನಗೆ ಬರೆಯಿರಿ.